ಮುಗಿಸಿಬಿಡೋಣ

ಪತ್ತೇದಾರಿ ಧಾರಾವಾಹಿ ಬರೆಯುವವರಿಗೆ ನಮಸ್ಕಾರ.

ನಿಮ್ಮ ಕಥೆಯ ಸೊಸೆ, ಮರೆವಿನ ಕಾಯಿಲೆಯ ಅತ್ತೆಯ ಹಾಲಿಗೆ ಮಾತ್ರೆ ಬೆರೆಸುತ್ತಾ "ಇವತ್ತು ಮುಗಿಸಿಬಿಡ್ತೀನಿ" ಅಂದಳಲ್ಲ, ಅದನ್ನು ನಮ್ಮತ್ತೆಯೂ ನೋಡಿದರು. ಅವರಿಗೂ ಅದೇ ಕಾಯಿಲೆ. ಆರು ವರ್ಷದಿಂದ ಹಾಲಿನಲ್ಲಿ ಮಾತ್ರೆ ಕರಗಿಸಿ ಕುಡಿಸುವವಳು ನಾನು. ಲೋಟ ಹಿಡಿದಾಗಲೆಲ್ಲ "ಅತ್ತೆ, ಇಷ್ಟು ಮುಗಿಸಿಬಿಡೋಣ" ಅನ್ನುವುದು ನನ್ನ ನಾಲಿಗೆಗೆ ಅಂಟಿದ ಮಾತು.

ಮೊನ್ನೆ ಹಾಗೆ ಅಂದದ್ದೇ ತಡ, ಅತ್ತೆ ಕಿಟಕಿಗೆ ಓಡಿ "ನನ್ನ ಮುಗಿಸ್ತಾಳಂತೆ, ಯಾರಾದ್ರೂ ಬನ್ರಪ್ಪಾ!" ಎಂದು ಕೂಗಿದರು. ಓಡಿಬಂದ ಪಕ್ಕದ ಮನೆಯಾಕೆ ಮೊದಲು ಲೋಟ ಮೂಸಿ ನೋಡಿದರು. ಅವರೂ ನಿಮ್ಮ ಧಾರಾವಾಹಿ ನೋಡುತ್ತಾರೆ.

ಅತ್ತೆ ನನ್ನ ಹೆಸರು ಮರೆತರು, ಹೆತ್ತ ಮಗನ ಮುಖ ಮರೆತರು. ನಿಮ್ಮ ಆ ಒಂದು ಮಾತು ಮಾತ್ರ ಮರೆಯುತ್ತಿಲ್ಲ. ನಾಳೆ ಅವರು ತಾವಾಗಿಯೇ ಕಣ್ಣು ಮುಚ್ಚಿದರೂ ನನ್ನನ್ನು ಯಾರು ನಂಬುತ್ತಾರೆ?

ಶುಕ್ರವಾರ ನಿಮ್ಮ ಕಥೆಯ ಅತ್ತೆಯನ್ನು ಕೊಂದವರು ಯಾರೆಂದು ತೋರಿಸುತ್ತೀರಂತೆ. ನಿಮಗೆ ಕೈಮುಗಿಯುತ್ತೇನೆ, ಸೊಸೆಯನ್ನು ಬಿಟ್ಟುಬಿಡಿ. ಬೇರೆ ಯಾರಾದರೂ ಆಗಲಿ.

ಈಗ ಮೊದಲ ಗುಟುಕು ನಾನೇ ಕುಡಿದು ತೋರಿಸಬೇಕು, ಆಮೇಲೆ ಅವರು ಬಾಯಿ ತೆರೆಯುತ್ತಾರೆ. ನಿನ್ನೆ ಆ ಗುಟುಕು ನುಂಗುವಾಗ ನನಗೇ ಹೆದರಿಕೆಯಾಯಿತು.

ಇಂತಿ,
ಹಾಲು ಕುಡಿಸುವ ಸೊಸೆ