ಅರವತ್ತನೇ ಬೊಟ್ಟು

ಅತ್ತೇ,

ನೀವು ಬದುಕಿದ್ದಾಗ ಎದುರು ಮಾತಾಡಲಿಲ್ಲ. ಈಗ ನೀವು ತಿರುಗಿ ಬೈಯುವಂತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಶಿವರಾತ್ರಿ ಮುಗಿದು ಗೋವಿನಜೋಳ ಬಿತ್ತಿದ ದಿನದಿಂದ, ಎಲೆ-ಅಡಿಕೆಯ ಸುಣ್ಣ ತೆಗೆದು ಪಡಸಾಲೆಯ ಗೋಡೆಗೆ ದಿನಕ್ಕೊಂದು ಬೊಟ್ಟು ಇಡುತ್ತಿದ್ದಿರಿ. ಅರವತ್ತು ಬೊಟ್ಟಾದರೆ ಗಿಡದ ನೆತ್ತಿಯಲ್ಲಿ ಸೂಲಂಗಿ ಹೂ, ಕೃಷಿಹೊಂಡದಲ್ಲಿ ಉಳಿದ ನೀರನ್ನು ಅವತ್ತೇ ಬಿಡಬೇಕು. ಅದು ನಿಮ್ಮ ಲೆಕ್ಕ. ಹೋದ ವರ್ಷ ಬಿತ್ತಿದ ಬೆನ್ನಿಗೇ ಅಡ್ಡಮಳೆ ಸುರಿಯಿತು, ಅದರ ಹಿಂದೆ ಸುಡುಬಿಸಿಲು. ನೆಲದಲ್ಲಿ ಹಸಿ, ಮೇಲೆ ಕಾವು. ಬೆಳೆ ನಿಮ್ಮ ಗೋಡೆ ನೋಡಿಕೊಂಡು ಬೆಳೆಯುತ್ತದೆಯೇ? ಬೇಕಾದಷ್ಟು ಕಾವು ಮೈಗೆ ಕೂಡಿತು, ಐವತ್ತಕ್ಕೇ ಹೂ ಹೊರಹಾಕಿತು.

ಓಡಿ ಬಂದು ಹೇಳಿದ್ದು ನೆನಪಿದೆಯೇ? "ಅತ್ತಿ, ಸೂಲಂಗಿ ಬಂದೈತ್ರಿ. ಇವತ್ತ ನೀರ ಬಿಡೂಣ್ರಿ."

ಗೋಡೆ ತೋರಿಸಿದಿರಿ. "ಇನ್ನೂ ಹತ್ತ ದಿನಾ ಐತಿ. ನನಗ ಕಲಸಾಕ ಬಂದಿಯೇನಬೇ?" ನಿಮ್ಮ ಮಗ ಎಂದಿನಂತೆ ತಲೆ ತಗ್ಗಿಸಿದರು.

ಆ ಹತ್ತು ದಿನದಲ್ಲಿ ತೆನೆಯ ಕೂದಲು ಒಣಗಿತು, ಹೂವಿನ ಪುಡಿ ಸುಟ್ಟುಹೋಯಿತು. ಸುಲಿದರೆ ಅಲ್ಲೊಂದು ಇಲ್ಲೊಂದು ಕಾಳು, ಬೊಚ್ಚುಬಾಯಿ. ಆಳುಗಳೆಲ್ಲ ನಿಂತಿದ್ದಾಗಲೇ ಅಂದಿರಿ: "ಈಕಿ ಮುಟ್ಟಾದಾಗ ಹೊಲಾ ತುಳದಾಳ. ಅದಕ್ಕ ಕಾಳ ಕಟ್ಟಿಲ್ಲ." ಅಂದಿನಿಂದ ನನಗೆ ಹೊಲದ ಬದುವೂ ಇಲ್ಲ. ಓಣಿಯ ಹೆಂಗಸರು ತಮ್ಮ ಬೀಜದ ಚೀಲವನ್ನು ನನ್ನಿಂದ ದೂರ ಸರಿಸುತ್ತಿದ್ದರು. ತಪ್ಪಿದ್ದು ನಿಮ್ಮ ಲೆಕ್ಕವೆಂದು ನಿಮಗೆ ಒಮ್ಮೆಯಾದರೂ ಅನ್ನಿಸಿತ್ತೇ, ಅಥವಾ...

ಈ ವರ್ಷ ಬಿತ್ತುವ ಹೊತ್ತಿಗೆ ನೀವು ಹಾಸಿಗೆ ಹಿಡಿದಿರಿ. ಬೊಟ್ಟು ಇಡುವ ಕೆಲಸ ಮಗನಿಗೆ ಬಂತು. ನಾನು ನಿಮಗೆ ಗೊತ್ತಾಗದಂತೆ ದಿನಾ ಹೊಲಕ್ಕೆ ಹೋಗಿ ಗಿಡ ನೋಡಿದೆ. ಸೂಲಂಗಿ ಕಂಡದ್ದು ಐವತ್ತೆರಡಕ್ಕೆ. ನಿಮ್ಮ ಮಗ ಹೊಂಡದ ಮೋಟರ್ ಚಾಲೂ ಮಾಡಿಕೊಟ್ಟರು. ಜೀವಮಾನದಲ್ಲಿ ಮೊದಲ ಸಲ ನಿಮ್ಮಿಂದ ಒಂದು ವಿಷಯ ಮುಚ್ಚಿಟ್ಟರು.

ಕೊನೆಯ ದಿನ ಮಧ್ಯಾಹ್ನ ನನ್ನ ಕೈ ಹಿಡಿದು ಕೇಳಿದಿರಿ, "ಕಾಳ ಕಟ್ಯಾವೇನಬೇ?"

"ಇಲ್ರಿ ಅತ್ತಿ. ಈ ಸಲಾನೂ ಬೊಚ್ಚ."

"ನೀ ಹೊಲಕ್ಕ ಹೋಗೇ ಇಲ್ಲ... ಮತ್ತ್ಯಾಕ ಹಿಂಗಾತು?"

ನಾನು ಪಡಸಾಲೆಯ ಬೊಟ್ಟುಗಳ ಕಡೆ ತಿರುಗಿದೆ. ನಿಮ್ಮ ಕಣ್ಣೂ ಅಲ್ಲಿಗೇ ಹೋಯಿತು. ತಪ್ಪಿದ್ದು ನಿಮ್ಮ ಲೆಕ್ಕವೇ ಎಂದು ನೀವು ತಿಳಿದುಕೊಳ್ಳುವವರೆಗೂ ಕಾದು ಕೂತಿದ್ದೆ. ತಿಳಿದುಕೊಂಡಿರಿ, ಸಂಜೆಯೊಳಗೆ ಹೋದಿರಿ.

ಅತ್ತೇ, ತೆನೆಗಳು ತುದಿಯವರೆಗೂ ತುಂಬಿವೆ. ನಿಮಗೆ ಸುಳ್ಳು ಹೇಳುವ ಮುಂಚೆ ಹತ್ತು ಸುಲಿದು ನೋಡಿದ್ದೆ. ಕ್ಷಮೆ ಕೇಳಬೇಕೆಂದೇ ಈ ಕಾಗದ ಹಿಡಿದು ಕೂತೆ, ಮನಸ್ಸು ಬರುತ್ತಿಲ್ಲ.

ನಿಮ್ಮ ಸೊಸೆ