ದೀಪ ಹಿಡಿದ ಭಾನುವಾರಗಳು

ಗುರುವಾರ, ಮಧ್ಯಾಹ್ನ
ಕ್ಲಿನಿಕ್ಕಿನಿಂದ

ಅಪ್ಪನ ಬಾಲವಾದ ನನ್ನ ಗುಬ್ಬಿಗೆ,

ನಿನ್ನ ಪತ್ರ ನಿನ್ನೆ ಸಿಕ್ಕಿತು. ಫೋನಿನಲ್ಲಿ ಹೇಳಹೊರಟರೆ ಅಳು ಬರುತ್ತದೆ, ಅದಕ್ಕೇ ಬರೆದೆ ಎಂದಿದ್ದೀಯ. ನಾನು ಬರೆಯುವ ಕಾರಣ ಬೇರೆ. ಫೋನಿನಲ್ಲಾದರೆ ನೀನು ನಡುವೆ ಬಾಯಿ ಹಾಕುತ್ತೀಯ, ನಾನು ಜಗಳಕ್ಕೆ ನಿಲ್ಲುತ್ತೇನೆ, ಹೇಳಬೇಕಾದದ್ದು ಗಂಟಲಲ್ಲೇ ಉಳಿಯುತ್ತದೆ. ಮುಂದಿನ ಹಲ್ಲುನೋವಿನವರು ಬರಲು ಇನ್ನೂ ಒಂದು ಗಂಟೆಯಿದೆ.

ಅಪ್ಪ ಹತ್ತು ದಿನದಿಂದ ಅಂಗಡಿ ಬಾಗಿಲು ತೆಗೆದಿಲ್ಲ ಎಂದು ಬರೆದಿದ್ದೀಯ. ಮನೆಗೇ ಹುಡುಕಿಕೊಂಡು ಬಂದ ಗಿರಾಕಿಗಳನ್ನೂ ಬೇರೆಯವರ ಹತ್ತಿರ ಕಳಿಸಿದರಂತೆ. ಮಗಳ ಕಾರಲ್ಲಿ ಕರೆಂಟು ಎಲ್ಲಿ ಸೋರ್ತಿದೆ ಅಂತ ಹಿಡಿಯೋಕಾಗದವನು ಊರವರ ಗಾಡಿಗೆ ಕೈ ಹಾಕಬಾರದು, ತಲೆ ಮೊದಲಿನ ಹಾಗಿಲ್ಲ ಅಂದರಂತೆ. ಮುಂದಿನ ವಾರ ನೆನಪಿನ ಪರೀಕ್ಷೆಗೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವವಳಿದ್ದೀಯ. ಕೊನೆಗೆ, ನಿನ್ನ ಮನೇಲಿ ಏನಾಯ್ತಕ್ಕಾ ಅಂತ ಕೇಳಿದ್ದೀಯ.

ಹೇಳುತ್ತೇನೆ. ಆದರೆ ಮೊದಲು ನನ್ನ ಹೊಟ್ಟೆಕಿಚ್ಚಿನ ವಿಷಯ ಹೇಳಿಬಿಡಬೇಕು, ಇಲ್ಲದಿದ್ದರೆ ಉಳಿದದ್ದು ನಿನಗೆ ಅರ್ಥವಾಗುವುದಿಲ್ಲ.

ಅಮ್ಮ ಹೋದ ಮೇಲೆ ಅಪ್ಪ ನಿನ್ನ ಮನೆಗೆ ಬಂದರು, ಹಳೇ ಕಾರು ನನ್ನ ಮನೆಗೆ ಬಂತು. ಆ ದಿನ ನೀನು ನಗುತ್ತಾ, ಕಾರು ನಿನಗೆ, ಅಪ್ಪ ನನಗೆ, ಲೆಕ್ಕ ಸರಿಹೋಯ್ತು ಅಂದೆ. ನಾನೂ ನಕ್ಕೆ. ಮನೆಗೆ ಬಂದು ಎರಡು ದಿನ ಯಾರ ಹತ್ತಿರವೂ ಸರಿಯಾಗಿ ಮಾತಾಡಲಿಲ್ಲ. ನಿನಗೆ ದಿನಾ ಬೆಳಿಗ್ಗೆ ಎದುರಿಗೆ ಕೂತು ಚಹಾ ಕುಡಿಯಲು ಅಪ್ಪ, ನನಗೆ ಹದಿನೆಂಟು ವರ್ಷದ ತಗಡು!

ಅದೂ ಹೊಸದಲ್ಲ ಬಿಡು. ಚಿಕ್ಕಂದಿನಲ್ಲಿ ಅಪ್ಪ ಅಂಗಳದಲ್ಲಿ ಯಾರದೋ ಕಾರಿನ ಬಾನೆಟ್ ಎತ್ತಿದರೆ ಸಾಕು, ಗುಬ್ಬೀ ಅಂತ ಕೂಗಿ, ಕರೆಂಟು ನೋಡುವ ಬಲ್ಬನ್ನು ನಿನ್ನ ಕೈಗೆ ಕೊಡುತ್ತಿದ್ದರು. ನಾನು ಕಿಟಕಿಯಿಂದ ನೋಡುತ್ತಿದ್ದೆ. ಒಮ್ಮೆ ನಾನೂ ಹೋದೆ. ನೀನು ಓದೋ ಹುಡುಗಿ, ಕೈ ಕೊಳೆ ಮಾಡ್ಕೋಬೇಡ ಅಂತ ಒಳಗೆ ಕಳಿಸಿದರು. ಬಂದವರ ಮುಂದೆಲ್ಲ ಅದನ್ನೇ ಹೆಮ್ಮೆಯಿಂದ ಹೇಳಿಕೊಂಡರು. ನಾನು ಓದಿದೆ, ಡಾಕ್ಟರಾದೆ, ದಿನಾ ಜನರ ಬಾಯೊಳಗೆ ದೀಪ ಹಿಡಿದು ನಿಲ್ಲುತ್ತೇನೆ. ನಿನ್ನ ಕೈಯಲ್ಲಿದ್ದ ಆ ಎರಡು ವಯರಿನ ಬಲ್ಬು ಮಾತ್ರ ನನ್ನ ಕೈಗೆ ಬರಲೇ ಇಲ್ಲ.

ಒಂದೂವರೆ ತಿಂಗಳ ಹಿಂದೆ ಕಾರು ಕೈಕೊಟ್ಟಾಗ ನನಗೆ ಎಷ್ಟು ಖುಷಿಯಾಯಿತು ಅಂತ ಹೇಳಲಾರೆ. ಎರಡು ದಿನ ನಿಲ್ಲಿಸಿದರೆ ಬ್ಯಾಟರಿ ಸತ್ತೇಹೋಗುತ್ತಿತ್ತು. ಅಪ್ಪನಿಗೆ ಫೋನ್ ಮಾಡಿದೆ. ಭಾನುವಾರ ಬೆಳಿಗ್ಗೆ ಪೆಟ್ಟಿಗೆ ಹಿಡಿದು ಬಂದೇ ಬಿಟ್ಟರು. ನೀನಿಲ್ಲ, ಬಲ್ಬು ನೋಡುವವರು ಬೇಕಲ್ಲ, ನನ್ನನ್ನೇ ಕರೆದರು.

ಆ ಕೆಲಸ ನಿನಗೆ ಗೊತ್ತಿರುವುದೇ. ಬ್ಯಾಟರಿಯ ಒಂದು ವಯರು ಕಳಚಿ ನಡುವೆ ಬಲ್ಬು ಸಿಕ್ಕಿಸಿದರು. ಎಲ್ಲ ಆಫ್ ಇದ್ದರೂ ಬಲ್ಬು ಮಿಣುಕುತ್ತಿತ್ತು, ಅಂದರೆ ಎಲ್ಲೋ ಸೋರಿಕೆ; ಯಾವ ಫ್ಯೂಸ್ ಕಿತ್ತಾಗ ಬಲ್ಬು ಆರುತ್ತದೋ ಸೋರಿಕೆ ಅದರ ದಾರಿಯಲ್ಲಿ. ಅಪ್ಪ ಸ್ಟೇರಿಂಗ್ ಕೆಳಗೆ ತಲೆ ತೂರಿಸಿ ಒಂದೊಂದೇ ಫ್ಯೂಸ್ ಕಿತ್ತು, ಇದೆಯಾ ಅಂತ ಕೇಳುವುದು, ನಾನು ಬಲ್ಬು ನೋಡಿ, ಇದೆ ಅನ್ನುವುದು. ಬಾನೆಟ್ ಅಡ್ಡವಿರುವುದರಿಂದ ಅವರಿಗೆ ಬಲ್ಬು ಕಾಣದು. ನಡುನಡುವೆ ನಿನ್ನ ಸುದ್ದಿಯೇ ಇಲ್ಲದೆ ನನ್ನ ಕ್ಲಿನಿಕ್ಕು, ನನ್ನ ಮಂಡಿನೋವು, ನನ್ನ ಮಗಳ ಪರೀಕ್ಷೆ ಎಲ್ಲ ವಿಚಾರಿಸಿದರು. ಇಷ್ಟು ಮಾತು ನಮ್ಮಿಬ್ಬರ ನಡುವೆ ಯಾವತ್ತೂ ಆಗಿರಲಿಲ್ಲ ಗುಬ್ಬಿ.

ಏಳನೇ ಫ್ಯೂಸ್ ಕಿತ್ತಾಗ ಬಲ್ಬು ಆರಿತು.

ಇದೆಯಾ ಅಂತ ಕೇಳಿದರು. ಹೋಯ್ತು ಅಂದರೆ ಹತ್ತು ನಿಮಿಷದಲ್ಲಿ ಕೆಲಸ ಮುಗಿಸಿ, ಕೈ ತೊಳೆದು, ನಿನ್ನ ಮನೆಗೆ ಹೊರಡುತ್ತಾರೆ. ನಾನು, ಇದೆ ಅಂದೆ.

ಅಪ್ಪ ಫ್ಯೂಸನ್ನು ಮತ್ತೆ ಒತ್ತಿದರು, ಬಲ್ಬು ಮತ್ತೆ ಮಿಣುಕಿತು, ಎಂಟನೆಯದಕ್ಕೆ ಹೋದರು. ಆ ದಿನ ಊಟ ಮಾಡಿ, ಮುಂದಿನ ವಾರ ನೋಡೋಣ ಮಗಳೇ ಅಂದು ಹೋದರು. ಮುಂದಿನ ಭಾನುವಾರ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರಿನ ವಯರು ಕಳಚಿ ನೋಡಿದರು. ಅದರ ಮುಂದಿನ ವಾರ ಮತ್ತೆ ಮೊದಲಿನಿಂದ ಫ್ಯೂಸುಗಳು. ಏಳನೆಯದು ಬಂದಾಗ ನಾನು ಮತ್ತೆ, ಇದೆ. ಹೀಗೆ ಐದು ಭಾನುವಾರ. ನೀನು ಒಮ್ಮೆ ಫೋನ್ ಮಾಡಿ, ಅಪ್ಪನಿಗೆ ವಾರವಿಡೀ ನಿನ್ನ ಕಾರಿನದ್ದೇ ಧ್ಯಾನ, ನನ್ನ ಹತ್ತಿರ ಮಾತೇ ಇಲ್ಲ ಅಂತ ಗೊಣಗಿದೆ. ಬೈಯಬೇಡ, ಆ ದಿನ ನಾನು ಕ್ಲಿನಿಕ್ಕಿನಲ್ಲಿ ಹಾಡಿಕೊಂಡು ಕೆಲಸ ಮಾಡಿದೆ.

ಐದನೆಯ ಭಾನುವಾರ ಅಪ್ಪ ಪೆನ್ನು ಹಿಡಿದು ಬಂದರು. ಯಾವ ಫ್ಯೂಸ್ ಕಿತ್ತೆ, ಯಾವುದು ಬಿಟ್ಟೆ ಎಂದು ಚೀಟಿಯಲ್ಲಿ ಬರೆದುಕೊಂಡು ಮಾಡಿದರು. ಅವರು ಬರೆದುಕೊಂಡು ಕೆಲಸ ಮಾಡಿದ್ದನ್ನು ನೀನು ಎಂದಾದರೂ ಕಂಡಿದ್ದೀಯಾ? ಕೊನೆಗೆ ಸೀಟಿನಲ್ಲೇ ಕೂತು, ನಲವತ್ತು ವರ್ಷ ಮಾಡಿದ ಕೆಲಸ ಮರೆತುಹೋಯ್ತಲ್ಲ ಅಂದರು. ಆಗಲಾದರೂ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಚಹಾ ತರುತ್ತೇನೆ ಅಂತ ಒಳಗೆ ಹೋದೆ.

ಕಳೆದ ಭಾನುವಾರ ಅವರು ಬರಲಿಲ್ಲ. ನಾನೇ ಫ್ಯೂಸ್ ಡಬ್ಬಿಯ ಮುಚ್ಚಳ ಓದಿದೆ, ಏಳನೇ ಫ್ಯೂಸಿಗೆ ಸೇರಿದ್ದು ಒಳಗಿನ ದೀಪ, ಗಡಿಯಾರ, ಡಿಕ್ಕಿಯ ದೀಪ. ನನ್ನ ಫೋನಿನಲ್ಲಿ ವಿಡಿಯೊ ಹಾಕಿ ಡಿಕ್ಕಿಯೊಳಗಿಟ್ಟು ಬಾಗಿಲು ಮುಚ್ಚಿದೆ. ತೆಗೆದು ನೋಡಿದರೆ ಮುಚ್ಚಿದ ಡಿಕ್ಕಿಯಲ್ಲಿ ದೀಪ ಆರಾಮಾಗಿ ಉರಿಯುತ್ತಿದೆ. ಅದರ ಸ್ವಿಚ್ ಸಿಕ್ಕಿಕೊಂಡಿದೆ, ಅಷ್ಟೇ. ಬಲ್ಬು ಕಿತ್ತಿಟ್ಟೆ, ನಾಲ್ಕು ದಿನದಿಂದ ಕಾರು ಒಂದೇ ಏಟಿಗೆ ಸ್ಟಾರ್ಟ್ ಆಗುತ್ತಿದೆ.

ಇವತ್ತು ಬೆಳಿಗ್ಗೆ ಡಿಕ್ಕಿಯ ಬಲ್ಬನ್ನು ಮತ್ತೆ ಸಿಕ್ಕಿಸಿದೆ. ಡಾಕ್ಟರ ಹತ್ತಿರ ಹೋಗುವ ಮೊದಲು ಅಪ್ಪನನ್ನು ಭಾನುವಾರ ಇಲ್ಲಿಗೆ ಕರೆದುಕೊಂಡು ಬಾ. ಬರೋದಿಲ್ಲ ಅಂದರೆ ಹಟ ಮಾಡು, ಅದು ನಿನಗೆ ಚೆನ್ನಾಗಿ ಬರುತ್ತದೆ. ವಯರಿನ ಬಲ್ಬು ನೀನು ನೋಡು. ಮೊದಲೇ ಏನೂ ಹೇಳಬೇಡ, ಅವರೇ ಹಿಡಿಯಬೇಕು. ನನ್ನ ಬಾಯಿಂದ ಕೇಳಿದರೆ ಮಗಳು ಸಮಾಧಾನಕ್ಕೆ ಹೇಳಿದಳು ಅಂದುಕೊಳ್ಳುತ್ತಾರೆ. ಏಳನೆಯದು ಕಿತ್ತಾಗ ನೀನು ಕಂಡದ್ದನ್ನು ಕಂಡ ಹಾಗೆ ಹೇಳು.

ಆ ಫ್ಯೂಸನ್ನು ತಾವು ಮೊದಲನೇ ವಾರವೇ ಕಿತ್ತಿದ್ದು ಅವರಿಗೆ ನೆನಪಾಗದೆ ಇರುವುದಿಲ್ಲ, ಐದನೇ ವಾರ ಕಿತ್ತದ್ದು ಚೀಟಿಯಲ್ಲೂ ಇದೆ. ನಾನು ಅಲ್ಲೇ ನಿಂತಿರುತ್ತೇನೆ.

ಇನ್ನೂ ಹೊಟ್ಟೆ ಉರಿಯುತ್ತಿರುವ
ನಿನ್ನ ಅಕ್ಕ

ಮರೆತದ್ದು: ನಿನ್ನ ಪತ್ರವನ್ನು ಮೂರು ಸಲ ಓದಿದೆ. ಅಪ್ಪ ನಿನ್ನ ಹತ್ತಿರ ಹೇಳಿಕೊಂಡದ್ದನ್ನೆಲ್ಲ ಬರೆದಿದ್ದೀಯ. ಅಕ್ಕ ಬಲ್ಬನ್ನು ಸರಿಯಾಗಿ ನೋಡಿರಲಿಕ್ಕಿಲ್ಲ ಎಂಬ ಮಾತು ಮಾತ್ರ ಎಲ್ಲೂ ಇಲ್ಲ. ತಮ್ಮ ತಲೆಯೇ ಕೆಟ್ಟಿತು ಅಂದುಕೊಂಡರೇ ಹೊರತು ನನ್ನ ಮಾತು ಸುಳ್ಳಿರಬಹುದು ಅಂತ ಅವರಿಗೆ ಹೊಳೆಯಲೇ ಇಲ್ಲ. ಭಾನುವಾರ ಹೊಳೆಯುತ್ತದೆ.