ರೊಟ್ಟಿ ಕಂಪನಿಯ ಅಧ್ಯಕ್ಷರ ಮೊಣಕಾಲು

ನವಲಗುಂದ
ಮಂಗಳವಾರ, ೧೪ ಅಕ್ಟೋಬರ್ ೨೦೨೫

ಪ್ರೀತಿಯ ಯಜಮಾನರಿಗೆ ರೋಹಿಣಿಯ ನಮಸ್ಕಾರಗಳು.

ಮೊಣಕಾಲು ಹೇಗಿದೆ? ಯಾವ ಮೊಣಕಾಲು ಎಂಬುದನ್ನೂ ತಿಳಿಸಿ. ಔಷಧಿಗೆಂದು ಅಕ್ಕನ ಊರು ಬಮ್ಮಿಗಟ್ಟಿಗೆ ಹೊರಡುವಾಗ ಬಲಗಾಲು ಹಿಡಿದುಕೊಂಡು ಬಸ್ಸು ಹತ್ತಿದಿರಿ. ಮೊನ್ನೆ ನಿಮ್ಮ ಸುನಿತಾ ಅಕ್ಕನಿಗೆ ಫೋನ್ ಮಾಡಿದರೆ, “ತಮ್ಮಗ ಎಡಗಾಲು ಭಾಳ ಬ್ಯಾನಿ ಐತವ್ವಾ, ಈಗಷ್ಟ ಮಲಗ್ಯಾನ” ಎಂದರು. ಬೆಳಿಗ್ಗೆ ಕೇಳಿದರೂ ಮಲಗಿದ್ದೀರಿ, ಸಂಜೆ ಕೇಳಿದರೂ ಮಲಗಿದ್ದೀರಿ. ನಿಮ್ಮ ಫೋನಂತೂ ಬಂದ್. ಬಮ್ಮಿಗಟ್ಟಿಯ ಔಷಧಿ ಇಷ್ಟು ನಿದ್ದೆ ತರುವಂಥದ್ದಾದರೆ ನನಗೂ ಸ್ವಲ್ಪ ಕಳಿಸಿ, ಇಲ್ಲಿ ಕಣ್ಣಿಗೆ ಕಣ್ಣು ಹತ್ತುತ್ತಿಲ್ಲ. ಅಕ್ಕನಿಗೆ ಸುಳ್ಳು ಹೇಳಲು ಬರುವುದಿಲ್ಲ, ಧ್ವನಿಯೇ ನಡುಗುತ್ತದೆ. ಪಾಪ, ಅವರ ಬಾಯಿಂದ ಯಾಕೆ ಹೇಳಿಸುತ್ತೀರಿ? ಫೋನ್ ಹತ್ತದ್ದಕ್ಕೆ ಈ ಕಾಗದ. ಹೊಳೆಪ್ಪ ಟೆಂಪೊ ತೆಗೆದುಕೊಂಡು ಕಲಘಟಗಿ ಕಡೆ ಹೊರಟಿದ್ದಾನೆ, ಅವನ ಕೈಯಲ್ಲಿ ಕಳಿಸುತ್ತಿದ್ದೇನೆ. ನಿಮ್ಮ ಕೈಗೇ ಕೊಡಬೇಕು, ಮಲಗಿದ್ದರೆ ಎಬ್ಬಿಸಿ ಕೊಡಬೇಕು ಎಂದು ಹೇಳಿದ್ದೇನೆ.

ಮನೆಯಲ್ಲಿ ಎಲ್ಲರೂ ಕ್ಷೇಮ. ಅತ್ತೆಯವರು ದಿನಾ ಮುಂಜಾನೆ “ಕಾಶಿ ಬಂದ್ನೇನಬೇ” ಎಂದು ಕೇಳುತ್ತಾರೆ. ಕೇಳಿ ರೊಟ್ಟಿಯ ಕಡೆ ನೋಡುತ್ತಾರೆ. ಮಾರದೆ ಬಿದ್ದ ಮಾಲಿನಿಂದ ಕಂಪನಿಯ ಕೋಣೆ ತುಂಬಿ, ಉಳಿದದ್ದು ನಮ್ಮ ಪಡಸಾಲೆಗೆ ಬಂದು, ಈಗ ದೇವರಿಗೆ ದೀಪ ಹಚ್ಚಲು ಹೋಗಬೇಕಾದರೂ ರೊಟ್ಟಿಯ ಡಬ್ಬಗಳ ಸಂದಿಯಲ್ಲಿ ಅಡ್ಡಡ್ಡ ನಡೆಯಬೇಕು. ಮುಂಜಾನೆ ಖಡಕ್ ರೊಟ್ಟಿ, ಮಧ್ಯಾಹ್ನ ಖಡಕ್ ರೊಟ್ಟಿ. ಖಡಕ್ ಎಂಬುದು ಹೆಸರಿಗೆ ಮಾತ್ರ. ಈ ಹಿಂಗಾರಿ ಮಳೆಯ ಥಂಡಿಗೆ ಎಲ್ಲ ಮೆತ್ತಗಾಗಿದೆ.

ಭಾನುವಾರ ಶೇರುದಾರರೆಲ್ಲ ಕಂಪನಿಯ ಮುಂದೆ ಕೂಡಿದ್ದರು. ಜೋಳ ಬೆಳೆಯುವವರೂ ಬಂದಿದ್ದರು, ರೊಟ್ಟಿ ಬಡಿಯುವವರೂ ಬಂದಿದ್ದರು. ನಾನೂ ಹೋಗಿದ್ದೆ. “ಅಧ್ಯಕ್ಷನ ಮನಿ ಮಂದಿ ಮೊದಲ ಹಾಕಬೇಕು” ಎಂದು ನನ್ನ ಹೆಸರಿನಲ್ಲೂ ಒಂದು ಶೇರು ಹಾಕಿಸಿದವರು ನೀವೇ ಅಲ್ಲವೆ? ನಿಮ್ಮ ಕುರ್ಚಿ ಮಾತ್ರ ಖಾಲಿ ಇತ್ತು, ಅದನ್ನು ನೋಡುತ್ತ ಎಲ್ಲರೂ ಮಾತಾಡಿದರು. ಯುಗಾದಿಯ ಸಭೆಯಲ್ಲಿ ನೀವು ಎದ್ದು ನಿಂತು, “ದಸರಾಕ್ಕ ಹುಬ್ಬಳ್ಳಿಗೊಂದು ಪುಣೆಗೊಂದು ಲಾರಿ ತುಂಬಿ ಹೊಕ್ಕಾವ, ಬಡಿಯೋರ ಕೈ ಸಾಲಂಗಿಲ್ಲ” ಎಂದಿದ್ದು ಎಲ್ಲರಿಗೂ ಬಾಯಿಪಾಠ. ದಸರಾ ಮುಗಿಯಿತು. ಹೋದದ್ದು ಹೊಳೆಪ್ಪನ ಟೆಂಪೊ ಒಂದೇ, ಅದರಲ್ಲೂ ಅರ್ಧ ಮಾಲು ತಿರುಗಿ ಬಂತು. ನಮ್ಮ ಬಾಜು ಮನೆಯ ಮಲಿಕಾಬಿ ಒಂದು ರೊಟ್ಟಿ ಎತ್ತಿ ಎಲ್ಲರ ಮುಂದೆ ಮುರಿಯಲು ಹೋದರು. ಅದು ಟಕ್ಕೆನ್ನಲಿಲ್ಲ, ಸುಮ್ಮನೆ ಮಡಚಿಕೊಂಡಿತು. “ಬಡಿಯೋರು ಬಡದೇವ್ರಿ, ಮಾರತೇನಿ ಅಂದೋರು ಎಲ್ಲಿ ಹ್ವಾದ್ರು?” ಎಂದರು. 

ಆಮೇಲೆ ಬಾಯಿಗೆ ಬಂದದ್ದೆಲ್ಲ ಶುರುವಾಯಿತು. ಜೋಳದ ಅಲ್ಲಾಸಾಬ ಕಾಕಾ ಹೇಳುವ ಪ್ರಕಾರ ನೀವು ಗದಗಿನಲ್ಲಿ ಬೇರೆ ಹೆಸರಿನಿಂದ ರೊಟ್ಟಿ ಮಾರುತ್ತಿದ್ದೀರಿ. ಬಸವಣ್ಣೆಪ್ಪನವರು ಹೇಳುವ ಪ್ರಕಾರ, ಮಾಲು ಬೇಕೆಂದೇ ಕೊಳೆಹಾಕಿ ಯಾವುದೋ ವ್ಯಾಪಾರಿಗೆ ಅಗ್ಗಕ್ಕೆ ಕೊಡುವ ಹುನ್ನಾರವಂತೆ. ಇನ್ನೊಬ್ಬರು ನೀವು ಕಂಪನಿಯ ದುಡ್ಡಿನಲ್ಲಿ ಬಮ್ಮಿಗಟ್ಟಿಯಲ್ಲಿ ಹೊಲ ಹಿಡಿದಿದ್ದೀರಿ ಎಂದರು. ಒಂದು ಜೊತೆ ಚಪ್ಪಲಿ ಆರಿಸಲು ಅರ್ಧ ದಿನ ತೆಗೆದುಕೊಳ್ಳುವ ನೀವು ನನಗೆ ಗೊತ್ತಿಲ್ಲದೆ ಹೊಲ ಹಿಡಿದಿರಂತೆ. ನಗು ಬಂತು. ಆದರೂ ಮನೆಗೆ ಬಂದು ನಿಮ್ಮ ಟ್ರಂಕು ತೆಗೆದು ನೋಡಿದೆ, ಮುಚ್ಚಿಡುವುದಿಲ್ಲ. ಹಳೆಯ ಸ್ವೆಟರು, ನಾಫ್ಥಾಲಿನ್ ಗುಳಿಗೆ, ಮತ್ತೇನೂ ಇರಲಿಲ್ಲ.

ನನ್ನ ಸಂಶಯ ಬೇರೆ. ಯುಗಾದಿಗೆ ಮುಂಚೆ ನನ್ನನ್ನೂ ಹುಬ್ಬಳ್ಳಿಗೆ ಕರೆದುಕೊಂಡು ಹೋಗಿದ್ದಿರಲ್ಲ, ಆ ಖಾನಾವಳಿಯ ಮಾಲಕರನ್ನು ನೆನಪಿಸಿಕೊಳ್ಳಿ. ಕುರ್ಚಿ ಹಾಕಿಸಿದರು, ಚಹಾ ತರಿಸಿದರು, ಮಿರ್ಚಿ ತರಿಸಿದರು. “ಕಳಸ್ರಲಾ, ನೀವೇನ್ ಹೊರಗಿನೋರೇನು” ಎಂದರು. ಎಷ್ಟು ಬೇಕು, ಯಾವಾಗ ಬೇಕು ಎಂದು ಅವರೂ ಹೇಳಲಿಲ್ಲ, ನೀವೂ ಕೇಳಲಿಲ್ಲ. ನಮ್ಮ ಕಡೆ ಬಾಗಿಲಿಗೆ ಬಂದವರ ಮುಖಕ್ಕೆ ಬೇಡ ಎಂದು ಯಾರು ಹೇಳುತ್ತಾರೆ? ಸೀರೆ ಮಾರಲು ಬಂದವಳನ್ನು ನಾನೇ “ಮುಂದಿನ ವಾರ ಬಾರವ್ವಾ” ಎಂದು ನೀರು ಕೊಟ್ಟು ಸಾಗಹಾಕುವುದಿಲ್ಲವೆ? ನೀವು ಮಾತ್ರ ಚಹಾ ಕುಡಿಸಿದವರನ್ನೆಲ್ಲ ಗಿರಾಕಿ ಎಂದು ಹಿಡಿದಿರಿ. ಬಸ್ಸು ಅಣ್ಣಿಗೇರಿಯ ದಾರಿ ಬಿಟ್ಟು ಊರಿನ ಕಡೆ ತಿರುಗುವಷ್ಟರಲ್ಲಿ ನಿಮ್ಮ ತಲೆಯಲ್ಲಿ ಲಾರಿ ತುಂಬಿ ಹೋಗಿತ್ತು. ಆ ಮನುಷ್ಯ ತೆಗೆದುಕೊಳ್ಳುವುದಿಲ್ಲ ಎಂದು ನಾನು ಅಂದೆ. “ನಿಂದು ಬರೇ ಸಂಶೇ” ಎಂದು ಕಿಟಕಿಯ ಕಡೆ ಮುಖ ತಿರುಗಿಸಿದಿರಿ. ಅಂದಾಜು ತಪ್ಪಿದ್ದು ಹೀಗೆ ಎಂದು ನನ್ನ ಲೆಕ್ಕ. ತಪ್ಪಿದರೆ ತಪ್ಪಿತು. ಅದನ್ನು ಬಂದು ಹೇಳುವುದು ಬಿಟ್ಟು ಮೊಣಕಾಲಿನ ಹಿಂದೆ ಅಡಗಿದರೆ ಜನ ಮತ್ತೇನು ಅಂದುಕೊಳ್ಳಬೇಕು?

ಮಲಿಕಾಬಿಯ ಮುಖ ನೋಡಲು ನನಗೆ ಆಗುತ್ತಿಲ್ಲ. ನಿಮ್ಮ ಮಾತು ನಂಬಿ ಅವರು ಜಮಖಾನಿ ನೇಯುವ ಮಗ್ಗ ಬಿಚ್ಚಿಸಿ, ಆ ಜಾಗದಲ್ಲಿ ರೊಟ್ಟಿ ಹರವುವ ಹಲಗೆ ಹಾಕಿಸಿದರು. ಅವರ ಅತ್ತೆ ಕೂತು ನೇಯ್ದ ಮಗ್ಗ ಅದು. ಕಂಬಗಳು ಈಗ ಹಿತ್ತಲಲ್ಲಿ ಕೋಳಿಗೂಡಿಗೆ ಆನಿಸಿ ನಿಂತಿವೆ, ಮಳೆಗೆ ನೆನೆಯುತ್ತಿವೆ. ಬಟ್ಟೆ ಒಣಹಾಕಲು ಹೋದಾಗೆಲ್ಲ ಕಣ್ಣಿಗೆ ಬೀಳುತ್ತವೆ. ನಿನ್ನೆ ನನಗೆ ಅಳು ಬಂತು, ಸಿಟ್ಟೂ ಬಂತು, ನಿಮ್ಮ ಮೇಲೆಯೇ.

ನಿನ್ನೆ ಸಂಜೆ ಅವರೂ ಅಲ್ಲಾಸಾಬ ಕಾಕಾನೂ ಮನೆಗೆ ಬಂದಿದ್ದರು. ವಿಶೇಷ ಸಭೆ ಕರೆದು ನಿಮ್ಮಿಂದ ಜವಾಬು ಕೇಳುವುದು, ಜವಾಬು ಸರಿ ಬರದಿದ್ದರೆ ಅಧ್ಯಕ್ಷರನ್ನು ಇಳಿಸುವುದು ಎಂದು ಶೇರುದಾರರ ಸಹಿ ಕೂಡಿಸುತ್ತಿದ್ದಾರೆ. ಒಂದು ಸಹಿ ಕಡಿಮೆ ಬಿದ್ದಿತ್ತಂತೆ. ಚಹಾ ಮಾಡಿ ಕೊಟ್ಟೆ. “ನಿಮ್ಮ ಯಜಮಾನ್ರು ಕಂಪನಿ ರೊಕ್ಕ ತಿಂದಾರೇನ್ರಿ ಅಕ್ಕಾರ, ಖರೇ ಹೇಳ್ರಿ” ಎಂದು ಮಲಿಕಾಬಿ ಕೇಳಿದರು. ತಿಂದಿಲ್ಲ ಎಂದೆ. ಚಹಾ ಕುಡಿದು ಹೋದರು.

ಇಲ್ಲಿಯ ಸುದ್ದಿ ಇಷ್ಟೇ. ಅಕ್ಕನಿಗೆ ನನ್ನ ನಮಸ್ಕಾರ ಹೇಳಿ, ಅವರ ಕೈಯಡುಗೆ ಎಂದು ಹೊಟ್ಟೆ ಬಿರಿಯುವಷ್ಟು ಉಣ್ಣಬೇಡಿ. ಎಣ್ಣೆ ಎರಡೂ ಮೊಣಕಾಲಿಗೆ ಹಚ್ಚಿಸಿಕೊಳ್ಳಿ, ಯಾವುದಕ್ಕೂ ಇರಲಿ. ಅತ್ತೆಯವರ ಆಶೀರ್ವಾದಗಳು.

ನಿಮ್ಮ
ರೋಹಿಣಿ

ತಾ.ಕ.: ಹೊಳೆಪ್ಪ ಹಾರ್ನ್ ಹೊಡೆಯುತ್ತಿದ್ದಾನೆ. ಸಭೆ ದೀಪಾವಳಿ ಮುಗಿದ ಮುಂದಿನ ಗುರುವಾರ. ನೋಟೀಸು ಇದರೊಳಗೇ ಮಡಚಿ ಇಟ್ಟಿದ್ದೇನೆ. ಕೊನೆಯ ಸಹಿ ನನ್ನದು. “ತಿಂದಿಲ್ಲಂದ್ರ ಸೈ ಹಾಕಾಕ ಯಾಕ ಅಂಜ್ತೀರಿ?” ಎಂದು ಮಲಿಕಾಬಿ ಕೇಳಿದರು, ಹಾಕಿಕೊಟ್ಟೆ. ಮದುವೆಯಾದಾಗಿನಿಂದ ನಿಮ್ಮ ಒಂದೊಂದು ಮಾತಿಗೂ ಸಂಶಯಪಟ್ಟಿದ್ದೇನೆ, ನೀವು ಕಳ್ಳರಲ್ಲ ಎಂಬುದೊಂದಕ್ಕೆ ಮಾತ್ರ ಪಟ್ಟಿಲ್ಲ. ಆ ಗುರುವಾರವೂ ಕುರ್ಚಿ ಖಾಲಿ ಇದ್ದರೆ ಅದಕ್ಕೂ ಪಡಬೇಕಾಗುತ್ತದೆ. ಬನ್ನಿ. ಅದೊಂದನ್ನು ನನಗೆ ಉಳಿಸಿಕೊಡಿ.